ಪ್ಲ್ಯಾನ್ ಷಣ್ಮುಗಂ ಒಪ್ಪದ ಮನೆಗಳು

ಈಗಿನವರು ಕೊಡುವ ಕಾರ್ಡುಗಳನ್ನು ನೋಡಿದರೆ ನನಗೆ ನನ್ನ ಮೇಲೆಯೇ ಮರುಕ ಹುಟ್ಟುತ್ತದೆ. ದಪ್ಪ ಕಾಗದ, ಹೊಳೆಯುವ ಅಕ್ಷರ, ಪ್ರಾಪರ್ಟಿ ಕನ್ಸಲ್ಟೆಂಟ್ ಎಂಬ ಬಿರುದು. ನಾನು ಶಿವಮೊಗ್ಗ, ಭದ್ರಾವತಿಗಳಲ್ಲಿ ಮನೆ ಮಾರಿಸುತ್ತಿದ್ದ ಕಾಲದಲ್ಲಿ ಕಾರ್ಡೂ ಇರಲಿಲ್ಲ, ಬಿರುದೂ ಇರಲಿಲ್ಲ. ಎದುರಿಗೆ ಸಿಕ್ಕರೆ ‘ಮಂಜಪ್ಪನವರೇ’, ಬೆನ್ನು ತಿರುಗಿಸಿದರೆ ‘ಆ ಬ್ರೋಕರ್’. ಮನೆ ಕೊಂಡವನು ತನಗೆ ಮೋಸವಾಯಿತು ಅನ್ನುತ್ತಿದ್ದ, ಮಾರಿದವನು ತನಗೆ ಮೋಸವಾಯಿತು ಅನ್ನುತ್ತಿದ್ದ, ನಡುವೆ ಮಂಜಪ್ಪ ಉದ್ಧಾರವಾದ ಎಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ನಾನು ಉದ್ಧಾರವಾದದ್ದನ್ನು ಕಣ್ಣಾರೆ ನೋಡಬೇಕೆನ್ನುವವರು ನನ್ನ ಬಾಡಿಗೆ ಮನೆಗೆ ಬರಬಹುದು. ಕುರ್ಚಿ ಎರಡೇ ಇವೆ, ಗುಂಪಾಗಿ ಬರಬೇಡಿ.

ಹೊಸದಾಗಿ ಈ ಕಸುಬಿಗೆ ಇಳಿದವರು ಅನುಭವ ಹೇಳಿ ಎಂದು ಕೇಳುತ್ತಾರೆ. ಹೇಳುವುದಕ್ಕೇನು, ಹೇಳುತ್ತೇನೆ. ಅದರಿಂದ ಉಪಯೋಗವಾಗುತ್ತದೆ ಎಂಬ ಗ್ಯಾರಂಟಿಯನ್ನು ಮಾತ್ರ ಕೇಳಬೇಡಿ. ನಾನು ಯಾವ ಮನೆಗೂ ಗ್ಯಾರಂಟಿ ಕೊಟ್ಟವನಲ್ಲ.

ನನಗೆ ಕೆಲಸ ಕಲಿಸಿದವರು ಹಾಲೇಶಣ್ಣ. ಅವರ ಆಫೀಸು ಎಂದರೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ, ಕೈ ತೊಳೆಯುವ ತೊಟ್ಟಿಯ ಪಕ್ಕದ ಟೇಬಲ್ಲು. ಗಿರಾಕಿಗಳನ್ನು ನಾವು ‘ಪಾರ್ಟಿ’ ಅನ್ನುತ್ತಿದ್ದೆವು. ಪಾರ್ಟಿ ಬಂದು ಕೂತರೆ ಕಾಫಿ ಬರುತ್ತಿತ್ತು, ಕಾಫಿಯ ಬಿಲ್ಲು ಪಾರ್ಟಿಗೇ ಹೋಗುತ್ತಿತ್ತು. ಇದು ಹಾಲೇಶಣ್ಣನ ಮೊದಲ ಪಾಠ. ಎರಡನೆಯದು, ಯಾವ ಮನೆ, ಯಾವ ಬೀದಿ ಎಂದು ಪಾರ್ಟಿಗೆ ಮುಂಚೆ ಬಾಯಿ ಬಿಡಬಾರದು. ಬಾಯಿ ಬಿಟ್ಟರೆ ಅವರೇ ಹೋಗಿ ಮನೆಯ ಯಜಮಾನನ ಜೊತೆ ಮಾತು ಮುಗಿಸಿ, ಆಮೇಲೆ ನಮ್ಮನ್ನು ಗೃಹಪ್ರವೇಶದ ಊಟಕ್ಕೆ ಕರೆಯುತ್ತಾರೆ. ‘ಒಂದು ಮನೆ ಇದೆ, ಬನ್ನಿ’ ಅನ್ನಬೇಕು, ಆಟೋ ಹತ್ತಿಸಬೇಕು, ಅಷ್ಟೇ. ಈ ಪಾಠವನ್ನು ನಾನು ಶ್ರದ್ಧೆಯಿಂದ ಕಲಿತೆ. ಅದರ ಫಲವನ್ನು ಆಮೇಲೆ ಹೇಳುತ್ತೇನೆ.

ನಾನು ಕಸುಬಿಗೆ ಬಂದ ಹೊಸದರಲ್ಲಿ ಜನ ಎರಡೇ ವಿಷಯ ಕೇಳುತ್ತಿದ್ದರು. ಬಾವಿ ಬೇಸಿಗೆಯಲ್ಲಿ ಬತ್ತುತ್ತದೆಯೇ, ಪಕ್ಕದ ಮನೆಯವರು ಎಂಥವರು. ಉತ್ತರವೂ ಸುಲಭವಿತ್ತು: ಬತ್ತುವುದಿಲ್ಲ, ಒಳ್ಳೆಯವರು. ತೊಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಜನರ ಜೇಬಿನಲ್ಲಿ ದಿಕ್ಸೂಚಿ ಕಾಣಿಸಿಕೊಂಡಿತು. ಮನೆ ನೋಡಲು ಗಂಡ, ಹೆಂಡತಿ, ಜೊತೆಗೊಬ್ಬ ವಾಸ್ತು ಪಂಡಿತ. ನೋಡನೋಡುತ್ತಿದ್ದಂತೆ ಅರ್ಧ ಶಿವಮೊಗ್ಗದ ಅಡುಗೆಮನೆಗಳು ಆಗ್ನೇಯಕ್ಕೆ ಗುಳೆ ಹೋದವು. ತಲೆಮಾರುಗಟ್ಟಲೆ ಸುಖವಾಗಿ ಉಂಡು ಮಲಗಿದ್ದ ಮನೆಗಳಲ್ಲಿ ಒಮ್ಮೆಗೇ ಕಂಟಕಗಳು ಹುಟ್ಟಿಕೊಂಡವು. ಅದಾದ ಮೇಲೆ ಕಾರು ನಿಲ್ಲಿಸಲು ಜಾಗ ಕೇಳುವ ಕಾಲ ಬಂತು. ಕೇಳಿದವರಲ್ಲಿ ಮುಕ್ಕಾಲು ಪಾಲು ಜನರ ಹತ್ತಿರ ಸ್ಕೂಟರ್ ಇತ್ತು.

ಇದೆಲ್ಲದರ ನಡುವೆ ಯಾರೊಬ್ಬರೂ ಕೇಳದ ಪ್ರಶ್ನೆ ಒಂದಿತ್ತು. ಈ ಮನೆಯ ಪ್ಲ್ಯಾನ್ ಬರೆದವರು ಯಾರು? ಕೇಳುತ್ತಿರಲಿಲ್ಲವಾದ್ದರಿಂದ ನಾವೇ ಹೇಳುತ್ತಿದ್ದೆವು. ಹಾಲೇಶಣ್ಣನ ಅತಿ ದೊಡ್ಡ ಸೃಷ್ಟಿ ಎಂದರೆ ‘ಮೈಸೂರು ಇಂಜಿನಿಯರ್’. ಮನೆ ಸ್ವಲ್ಪ ವಿಚಿತ್ರವಾಗಿದ್ದರೆ ಸಾಕು, ಅದು ಮೈಸೂರು ಇಂಜಿನಿಯರ್ ಮಾಡಿದ್ದು. ಅರಮನೆಯ ಕೆಲಸ ಮಾಡಿದವರು, ಫಾರಿನ್‌ನಲ್ಲಿ ಓದಿದವರು, ಇಂಥ ಮನೆ ಅವರು ಮೂರೇ ಮಾಡಿದ್ದು, ಇದು ಮೂರನೆಯದು. ಆ ಮಹಾನುಭಾವ ನಮ್ಮ ಜಿಲ್ಲೆಯಲ್ಲಿ ಮೂರನೆಯ ಮನೆಗಳನ್ನೇ ನಲವತ್ತು ಕಟ್ಟಿರಬೇಕು.

ನಿಜ ಹೇಳಬೇಕೆಂದರೆ, ಆಗ ನಮ್ಮ ಊರುಗಳಲ್ಲಿ ನಿಂತು ನೋಡುವಂಥ ಮನೆಗಳಿದ್ದವು. ಗೋಪಾಳದ ಕಡೆ ಡಾಕ್ಟರೊಬ್ಬರ ಮನೆ ಹಡಗಿನ ಹಾಗಿತ್ತು. ದುಂಡು ಕಿಟಕಿಗಳು, ಮುಂದಕ್ಕೆ ಚೂಪಾಗಿ ಚಾಚಿದ ಬಾಲ್ಕನಿ, ತಾರಸಿಯ ಮೇಲೊಂದು ಹೊಗೆ ಕೊಳವೆ. ಅದನ್ನು ಬರೆದುಕೊಟ್ಟವನು ಸಿನಿಮಾ ಬೋರ್ಡು ಬರೆಯುತ್ತಿದ್ದ ಪೇಂಟರ್. ಸಮುದ್ರ ನೋಡಿದವನಲ್ಲ. ಮನೆಗೆ ಬಚ್ಚಲು ಬೇಕೆಂದು ಅವನಿಗೆ ಹೊಳೆದದ್ದು ಗೋಡೆ ಎದ್ದ ಮೇಲೆ. ಹಾಗಾಗಿ ಡಾಕ್ಟರು ಮಳೆಗಾಲದಲ್ಲಿ ಛತ್ರಿ ಹಿಡಿದು ಹಡಗಿನಿಂದ ಇಳಿದು ಸ್ನಾನಕ್ಕೆ ಹೋಗುತ್ತಿದ್ದರು. ನವುಲೆಯ ಕಡೆ, ಕೃಷಿ ಕಾಲೇಜಿನಲ್ಲಿ ಬೀಜದ ವಿಷಯ ಪಾಠ ಮಾಡುತ್ತಿದ್ದ ಮೇಷ್ಟ್ರೊಬ್ಬರು ತಮ್ಮ ಮನೆಯನ್ನು ತಾವೇ ಯೋಚಿಸಿ ಕಟ್ಟಿಸಿದ್ದರು. ಬೇಸಿಗೆಯಲ್ಲಿ ಎಷ್ಟು ತಂಪು, ಮಳೆಗಾಲದಲ್ಲಿ ಎಷ್ಟು ಬೆಚ್ಚಗೆ, ಎಷ್ಟು ಒಣಗಿದ ಗೋಡೆಗಳು! ಬೀಜ ಇಟ್ಟಿದ್ದರೆ ಹುಳು ಹಿಡಿಯುತ್ತಿರಲಿಲ್ಲ. ಮನುಷ್ಯರು ಮಾತ್ರ ಹಗಲು ಹೊತ್ತಿನಲ್ಲೇ ಲೈಟು ಹಾಕಿಕೊಂಡು ಪೇಪರ್ ಓದಬೇಕಿತ್ತು.

ನಮಗೆ ಹೆಚ್ಚು ತಲೆನೋವು ತಂದದ್ದು ಭದ್ರಾವತಿಯ ‘ಶೆಡ್ ಮನೆಗಳು’. ಕಾರ್ಖಾನೆಯ ಶೆಡ್ಡಿಗೆ ಇರುತ್ತದಲ್ಲ, ಗರಗಸದ ಹಲ್ಲಿನಂಥ ಮಾಡು, ಅಂಥದೇ ಮಾಡು ಈ ಮನೆಗಳ ಹಾಲಿನ ಮೇಲೆ. ಹಲ್ಲಿನ ನೆಟ್ಟಗಿನ ಬದಿಗೆ ಗಾಜು, ಗಾಜು ಯಾವಾಗಲೂ ಉತ್ತರಕ್ಕೆ. ಒಳಗೆ ಕಾಲಿಟ್ಟರೆ ಬಿಸಿಲಿಲ್ಲದ ಬೆಳಕು. ಭದ್ರಾವತಿಯ ಏಪ್ರಿಲ್ ತಿಂಗಳಿನಲ್ಲೂ ಫ್ಯಾನ್ ಹಾಕಬೇಕೆಂದು ನೆನಪಾಗುತ್ತಿರಲಿಲ್ಲ. ಇಷ್ಟಿದ್ದೂ ಪಾರ್ಟಿಗಳು ಗೇಟಿನಲ್ಲೇ ನಿಂತು, ‘ಇದೇನ್ ಮಾರಾಯ, ಮನೆ ಅಂತ ಅಕ್ಕಿ ಗಿರಣಿ ತೋರಿಸ್ತಿದ್ದೀಯ?’ ಅನ್ನುತ್ತಿದ್ದರು. ಆಗ ಮೈಸೂರು ಇಂಜಿನಿಯರ್ ನೆರವಿಗೆ ಬರುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ, ಹೋಟೆಲಿನ ಬಾಗಿಲಿಗೆ ತಲೆ ತಗಲಿಸಿಕೊಂಡು ಒಬ್ಬ ಉದ್ದನೆಯ ಮನುಷ್ಯ ಒಳಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಪೆನ್ಸಿಲ್, ಕೈಯಲ್ಲಿ ಸ್ಟೀಲಿನ ಟೇಪು. ಹೆಸರು ಷಣ್ಮುಗಂ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕೆಲಸ, ನಿವೃತ್ತಿ ಹತ್ತಿರವಾಗಿದೆ, ಕ್ವಾರ್ಟರ್ಸ್ ಬಿಡಬೇಕು, ಭದ್ರಾವತಿಯಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಗಂಡ ಹೆಂಡತಿ ಇಬ್ಬರಿಗೆ ಸಾಕಾಗುವ ಮನೆ ಬೇಕು ಅಂದರು. ಹಾಲೇಶಣ್ಣ ನನಗೆ ಕಣ್ಣು ಮಿಟುಕಿಸಿದರು. ಆ ಹೊತ್ತಿಗೆ ನಮ್ಮ ಕೈಯಲ್ಲಿ ಮಾರಾಟವಾಗದೆ ಉಳಿದಿದ್ದ ಶೆಡ್ ಮನೆಯೊಂದಿತ್ತು.

ಕರೆದುಕೊಂಡು ಹೋದೆ. ಹಾಲಿನ ನಡುವೆ ನಿಲ್ಲಿಸಿ ಪೂರ್ತಿ ಭಾಷಣ ಮಾಡಿದೆ. ಅರಮನೆ, ಫಾರಿನ್, ಮೂರನೆಯ ಮನೆ. ಆ ಇಂಜಿನಿಯರ್ ಈ ಮಾಡಿನ ಲೆಕ್ಕ ಹಾಕಲು ಉಪವಾಸ ಕೂತಿದ್ದರು ಎಂಬುದನ್ನು ಆ ದಿನದ ಹುಮ್ಮಸ್ಸಿನಲ್ಲಿ ಹೊಸದಾಗಿ ಸೇರಿಸಿದೆ. ಷಣ್ಮುಗಂ ಕೈ ಕಟ್ಟಿಕೊಂಡು ಕೊನೆಯವರೆಗೂ ಕೇಳಿದರು. ಆಮೇಲೆ ಮೆಟ್ಟಿಲನ್ನು ತೋರಿಸಿ, ‘ಆ ಮೈಸೂರು ಇಂಜಿನಿಯರ್ ನಾನೇ. ಉಪವಾಸ ಇರ್ಲಿಲ್ಲ, ಜ್ವರ ಬಂದಿತ್ತು. ಅದಕ್ಕೇ ಈ ಮೆಟ್ಟಿಲು ಹಾಳಾಗಿದೆ. ಬೇರೆ ಮನೆ ತೋರ್ಸಿ’ ಅಂದರು.

ಭದ್ರಾವತಿಯಲ್ಲಿ ಅವರನ್ನು ಪ್ಲ್ಯಾನ್ ಷಣ್ಮುಗಂ ಅನ್ನುತ್ತಿದ್ದರೆಂದು ನನಗೆ ಗೊತ್ತಾದದ್ದು ಆಗ. ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಹಗಲೆಲ್ಲ ಯಂತ್ರದ ಬಿಡಿಭಾಗಗಳ ಚಿತ್ರ ಬರೆಯುವುದು, ಸಂಜೆ ಕ್ವಾರ್ಟರ್ಸಿನಲ್ಲಿ ಕೂತು ಜೊತೆಗಾರರಿಗೆ ಮನೆಯ ಪ್ಲ್ಯಾನ್ ಬರೆದುಕೊಡುವುದು. ಊರಿನ ಶೆಡ್ ಮನೆಗಳೆಲ್ಲ ಅವರವೇ. ಯಾವ ಮನೆಯ ಮೇಲೂ ಅವರ ಹೆಸರಿಲ್ಲ. ನಗರಸಭೆಗೆ ಕೊಡುವ ಕಾಗದಕ್ಕೆ ಸಹಿ ಹಾಕುವ ಇಂಜಿನಿಯರುಗಳು ಬೇರೆ ಇದ್ದರು. ಇದಕ್ಕಾಗಿ ಷಣ್ಮುಗಂ ಕೊರಗುತ್ತಿದ್ದರು ಎಂದು ನೀವು ಮರುಕಪಡಬೇಕಾಗಿಲ್ಲ. ಜಗತ್ತಿನಲ್ಲಿ ಮನೆಯ ಬಗ್ಗೆ ತಿಳಿದವರು ತಾವೊಬ್ಬರೇ ಎಂಬ ನಂಬಿಕೆ ಅವರಿಗೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅದನ್ನು ಬೇರೆಯವರು ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಶನಿಕಾಟ. ಬೇರೆಯವರ ಮನೆ ತೋರಿಸಿದರೆ ಷಣ್ಮುಗಂ ಗೋಡೆ ತಟ್ಟಿ ನೋಡಿ, ಕಟ್ಟಿದವರ ವಂಶವನ್ನು ಜಾಲಾಡುತ್ತಿದ್ದರು. ತಮ್ಮದೇ ಮನೆ ತೋರಿಸಿದರೆ ಇನ್ನೂ ಕಷ್ಟ. ಇಲ್ಲಿ ಕಿಟಕಿ ಅರ್ಧ ಅಡಿ ಸರಿಯಬೇಕಿತ್ತು, ಅಲ್ಲಿ ನೀರಿನ ಇಳಿಜಾರು ಸಾಲದು, ಈ ಬಾಗಿಲು ಬರೆದಾಗ ನನಗೆ ಬುದ್ಧಿ ಇರಲಿಲ್ಲ. ಇದನ್ನೆಲ್ಲ ಮನೆಯ ಯಜಮಾನನ ಎದುರಿಗೇ, ದೊಡ್ಡ ದನಿಯಲ್ಲಿ. ಹಡಗಿನ ಮನೆಯ ಡಾಕ್ಟರಂತೂ ಮಾರುವ ಮನಸ್ಸನ್ನೇ ಕಳೆದುಕೊಂಡು, ಯಾರಿಗೂ ತೋರಿಸುವುದಿಲ್ಲ ಎಂದು ಗೇಟಿಗೆ ಬೀಗ ಹಾಕಿಕೊಂಡರು. ಮಾರುವವರು ನನ್ನನ್ನು ಕಂಡರೆ, ಆ ಟೇಪಿನ ಮನುಷ್ಯನನ್ನು ಮಾತ್ರ ಕರೆತರಬೇಡಿ ಅನ್ನತೊಡಗಿದರು.

ಹಾಲೇಶಣ್ಣ ತೀರ್ಪು ಕೊಟ್ಟರು: ‘ಅವನು ಪಾರ್ಟಿ ಅಲ್ಲ ಮಾರಾಯ, ಪೇಪರ್ ತಿದ್ದೋ ಮೇಷ್ಟ್ರು. ಕೈ ಬಿಡು.’

ಬಿಡುತ್ತಿದ್ದೆನೋ ಏನೋ. ಆದರೆ ಒಂದು ಮಧ್ಯಾಹ್ನ ಷಣ್ಮುಗಂ ಹೆಂಡತಿ ಸರೋಜಮ್ಮ ಭದ್ರಾವತಿಯಿಂದ ಒಬ್ಬರೇ ಬಸ್ಸಿನಲ್ಲಿ ಬಂದು ನಮ್ಮ ಟೇಬಲ್ಲಿನ ಎದುರು ಕೂತರು. ಗಂಡ ಎಷ್ಟು ಉದ್ದವೋ ಇವರು ಅಷ್ಟು ಗಿಡ್ಡ. ಹೋಟೆಲಿನ ಬೆಂಚಿನ ಮೇಲೆ ಕೂತರೆ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಕಾಫಿ ಬೇಡವೆಂದರು. ‘ಮಂಜಣ್ಣ, ಅವರು ಮನೆ ಹುಡುಕ್ತಾ ಇಲ್ಲ, ತಪ್ಪು ಹುಡುಕ್ತಾ ಇದ್ದಾರೆ. ಯುಗಾದಿ ಕಳೆದ್ರೆ ಕ್ವಾರ್ಟರ್ಸ್ ಖಾಲಿ ಮಾಡ್ಬೇಕು. ಆಮೇಲೆ ನನ್ನ ತಂಗಿ ಮನೇಲಿ ಒಂದು ರೂಮು. ನನಗೆ ಆ ರೂಮು ಬೇಡ’ ಅಂದರು.

ನಿಮ್ಮವರು ಊರಿಗೆಲ್ಲ ಮನೆ ಬರೆದುಕೊಟ್ಟು ತಮಗೊಂದು ಯಾಕೆ ಕಟ್ಟಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು. ಮದುವೆಯಾದ ಹೊಸದರಲ್ಲಿ ಭದ್ರಾವತಿಯಲ್ಲೇ ಒಂದು ಸೈಟು ತೆಗೆದುಕೊಂಡಿದ್ದರಂತೆ. ಷಣ್ಮುಗಂ ಅದಕ್ಕೆ ಪ್ಲ್ಯಾನ್ ಬರೆದರು, ಹರಿದರು, ಮತ್ತೆ ಬರೆದರು. ಪ್ರತಿ ಪ್ಲ್ಯಾನೂ ಮುಗಿಯುವ ಹೊತ್ತಿಗೆ ಅದರಲ್ಲೊಂದು ದೋಷ ಕಾಣುತ್ತಿತ್ತು. ಮಕ್ಕಳು ದೊಡ್ಡವರಾಗಿ, ಮದುವೆಯಾಗಿ ಹೋದರೂ ಸೈಟಿನಲ್ಲಿ ಪಾರ್ಥೇನಿಯಂ ಬಿಟ್ಟು ಬೇರೇನೂ ಎದ್ದಿರಲಿಲ್ಲ. ಕೊನೆಗೆ ಜೊತೆಗೆ ಕೆಲಸ ಮಾಡುವವರೊಬ್ಬರು, ನಿಮಗಂತೂ ಕಟ್ಟುವ ಯೋಗವಿಲ್ಲ, ನಮಗಾದರೂ ಕೊಡಿ ಎಂದು ಕೇಳಿದರಂತೆ. ಷಣ್ಮುಗಂ ಸೈಟು ಮಾರಿದರು. ಮಾರಿ, ಆ ಸೈಟಿಗೆ ಅವರಿಗೊಂದು ಪ್ಲ್ಯಾನನ್ನೂ ಬರೆದುಕೊಟ್ಟರು. ಅದು ಮಾತ್ರ ಬೇಗ ಮುಗಿಯಿತಂತೆ. ಸರೋಜಮ್ಮ ಅವತ್ತಿನಿಂದ ಆ ಬೀದಿಗೆ ಕಾಲಿಟ್ಟಿರಲಿಲ್ಲ.

ಯಾವ ಬೀದಿ ಎಂದು ಅವರು ಹೇಳಲಿಲ್ಲ. ಬೀದಿಯ ಹೆಸರಿನಲ್ಲೇ ಅನ್ನ ತಿನ್ನುವ ನಾನು ಕೇಳಲೂ ಇಲ್ಲ.

ಯುಗಾದಿಗೆ ಇನ್ನೆರಡು ತಿಂಗಳಿದೆ ಅನ್ನುವಾಗ ಭದ್ರಾವತಿಯ ರಂಗಯ್ಯ ಎಂಬುವರು ಹೇಳಿಕಳಿಸಿದರು. ನಿವೃತ್ತಿಯಾಗಿದೆ, ಹಾಸನದ ಕಡೆಯ ತಮ್ಮ ಊರಿಗೆ ಹೋಗುತ್ತೇವೆ, ಮನೆ ಮಾರಿಸಿಕೊಡಿ ಅಂದರು. ಶೆಡ್ ಮನೆ. ಇರುವುದರಲ್ಲಿ ಹೊಸದು. ಸರೋಜಮ್ಮನ ಮುಖ ನೆನಪಾಗಿ, ಗಂಡ ಹೆಂಡತಿ ಇಬ್ಬರಿಗೂ ಹೇಳಿದೆ. ಹೇಳಿದ್ದು ಏನೆಂದರೆ, ‘ಒಂದು ಮನೆ ಇದೆ, ಬನ್ನಿ.’ ಅಷ್ಟೇ. ಹಾಲೇಶಣ್ಣನ ಶಿಷ್ಯನಲ್ಲವೇ ನಾನು.

ಆಟೋ ಒಂದು ತಿರುವಿನಲ್ಲಿ ತಿರುಗಿದ ಕೂಡಲೇ ಷಣ್ಮುಗಂ ಮಾತು ನಿಲ್ಲಿಸಿದರು. ಅವರು ಮಾತು ನಿಲ್ಲಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲವಾದ್ದರಿಂದ ದೇವರ ದಯೆ ಅಂದುಕೊಂಡೆ. ರಂಗಯ್ಯನವರ ಗೇಟಿನ ಮುಂದೆ ಇಳಿದೆವು. ಸರೋಜಮ್ಮ ಗೇಟಿಗೆ ಕೈ ಹಾಕಿದವರು ಹಾಗೇ ನಿಂತರು.

‘ಮಂಜಣ್ಣ, ಇದು ನನ್ನ ಸೈಟು’ ಅಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ, ಭದ್ರಾವತಿಯ ಆ ಬೀದಿಗೆ ಒಳ್ಳೆಯ ಡಾಂಬರು ಹಾಕಿದ್ದರು. ಆಟೋದವನನ್ನು ಕೂಗಿ ವಾಪಸು ಕರೆಯಬೇಕು ಅನ್ನುವಷ್ಟರಲ್ಲಿ ರಂಗಯ್ಯನವರ ಹೆಂಡತಿ ಜಯಮ್ಮ ಬಾಗಿಲಿಗೆ ಬಂದು, ಇಷ್ಟು ವರ್ಷಕ್ಕೆ ನಮ್ಮನೆ ದಾರಿ ಗೊತ್ತಾಯ್ತಾ ಅಕ್ಕ, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಹಾಗೆ ಕರೆದ ಮೇಲೆ ಬರುವುದಿಲ್ಲ ಅನ್ನುವುದು ಹೇಗೆ?

ಸರೋಜಮ್ಮ ಹಾಲಿನಲ್ಲಿ ತಲೆ ಎತ್ತಲಿಲ್ಲ. ಮೇಲಿನ ಗಾಜನ್ನಾಗಲಿ ಬೆಳಕನ್ನಾಗಲಿ ನೋಡಲಿಲ್ಲ. ಜಯಮ್ಮನೇ ಮನೆ ತೋರಿಸುತ್ತಾ ಅಡುಗೆಮನೆಗೆ ಬಂದರು. ಅವರು ನನ್ನಷ್ಟೇ ಎತ್ತರದ ಹೆಂಗಸು. ‘ಷಣ್ಮುಗಂ ಅಣ್ಣ, ಎಲ್ಲಾ ಚೆನ್ನಾಗಿ ಬರೆದ್ರಿ. ಈ ಒಲೆ ಕಟ್ಟೆ ಮಾತ್ರ ಯಾರಿಗಂತ ಬರೆದ್ರೋ. ಬಗ್ಗಿ ಬಗ್ಗಿ ನನ್ನ ಸೊಂಟ ಹೋಯ್ತು’ ಅಂದರು.

ಅದು ಹೊಸ ದೂರೇನಲ್ಲ. ನಾನು ಮಾರಿದ ಪ್ರತಿ ಶೆಡ್ ಮನೆಯಲ್ಲೂ ಅದೇ ಮಾತು ಕೇಳಿದ್ದೆ. ಕಟ್ಟೆ ತಗ್ಗು, ಗೋಡೆಯ ಶೆಲ್ಫು ತಗ್ಗು, ಕಿಟಕಿ ತಗ್ಗು. ತಗ್ಗಿದ ಕಟ್ಟೆ ಹೆಂಗಸರ ಆರೋಗ್ಯಕ್ಕೆ ಒಳ್ಳೆಯದೆಂದು ಮೈಸೂರು ಇಂಜಿನಿಯರ್ ಕಂಡುಹಿಡಿದಿದ್ದಾರೆ ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೆ.

ಸರೋಜಮ್ಮ ಕಟ್ಟೆಯ ಎದುರು ಹೋಗಿ ನಿಂತರು. ಕಡಪ ಕಲ್ಲಿನ ಮೇಲೆ ಎರಡೂ ಕೈ ಊರಿದರು. ಸರಿಯಾಗಿ ಕೂತವು. ಕೈ ಎತ್ತಿದರು, ಮೇಲಿನ ಶೆಲ್ಫಿನ ಡಬ್ಬಿ ಹಿಮ್ಮಡಿ ಎತ್ತದೆಯೇ ಸಿಕ್ಕಿತು. ಮುಂದೆ ನೋಡಿದರು, ಕಿಟಕಿಯ ಆಚೆ ಬೀದಿಯಲ್ಲಿ ಹೋಗುವವರ ಮುಖ ಕಾಣುತ್ತಿತ್ತು. ಡಬ್ಬಿಯನ್ನು ಇದ್ದಲ್ಲೇ ಇಟ್ಟು ಗಂಡನ ಕಡೆ ತಿರುಗಿದರು. ಅವರಿಬ್ಬರದು ಮನೆಯಲ್ಲಿ ತಮಿಳು. ಆದರೆ ಗಂಡನನ್ನು ತರಾಟೆಗೆ ತೆಗೆದುಕೊಳ್ಳುವಾಗ ನಾಲ್ಕು ಜನ ಸಾಕ್ಷಿ ಇರಲಿ ಎಂದು ಸರೋಜಮ್ಮ ಕನ್ನಡದಲ್ಲೇ ಮಾತಾಡುತ್ತಿದ್ದರು.

‘ಇದು ಯಾರ ಅಳತೆ?’ ಅಂದರು.

ಷಣ್ಮುಗಂ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಾಲಿನ ಮಾಡಿನ ಗಾಜನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಕೊನೆಗೆ, ‘ಡ್ರಾಯಿಂಗ್ ಅಂದ್ರೆ ಅಳತೆ ಬೇಕಲ್ಲ. ಸಂಜೆ ಮನೇಲಿ ಕೂತು ಬರೀವಾಗ ಎದುರಿಗೆ ಓಡಾಡ್ತಿದ್ದವಳು ನೀನೊಬ್ಬಳೇ. ಬೇರೆಯವರ ಮನೆ ಹೆಂಗಸರನ್ನ ಹೋಗಿ ಅಳೆಯೋಕಾಗುತ್ತಾ?’ ಅಂದರು.

‘ನಮ್ಮ ಕ್ವಾರ್ಟರ್ಸ್ ಕಟ್ಟೆ ನನ್ನ ಎದೆ ಮಟ್ಟಕ್ಕಿದೆ. ಮದುವೆಯಾದಾಗಿಂದ ಮಣೆ ಹತ್ತಿ ನಿಂತು ಅಡುಗೆ ಮಾಡ್ತಿದ್ದೀನಿ’ ಅಂದರು ಸರೋಜಮ್ಮ. ‘ಊರಿಗೆಲ್ಲ ನನ್ನ ಅಳತೆ ಕೊಟ್ರಿ. ನನಗೆ ಮಾತ್ರ ಮಣೆ ಕೊಟ್ರಿ.’

ಜಯಮ್ಮ ಸೊಂಟದ ಮೇಲಿಟ್ಟಿದ್ದ ಕೈ ತೆಗೆದರು. ಊರಿನ ಅಷ್ಟು ಅಡುಗೆಮನೆಗಳಲ್ಲಿ ಅಷ್ಟು ಹೆಂಗಸರು ಈ ಒಬ್ಬರ ಎತ್ತರಕ್ಕೆ ಬಗ್ಗಿ ಬೇಯಿಸಿದ್ದರು, ಈಕೆ ಮಾತ್ರ ಅದೇ ಸಮಯಕ್ಕೆ ಕ್ವಾರ್ಟರ್ಸಿನಲ್ಲಿ ಮಣೆ ಹತ್ತುತ್ತಾ ಇಳಿಯುತ್ತಾ ಇದ್ದರು. ಗಂಡನಿಗೆ ಹೆಂಡತಿಯ ಮೇಲೆ ಪ್ರೀತಿ ಇಲ್ಲವೆಂದು ಹೇಳಲಾಗದು. ಇತ್ತು, ಅದು ಬೇರೆಯವರ ವಿಳಾಸಕ್ಕೆ ಹೋಗಿ ತಲುಪುತ್ತಿತ್ತು.

ಷಣ್ಮುಗಂ ಟೇಪು ಎಳೆದರು. ಈ ಮನೆಯಲ್ಲೂ ದೋಷಗಳಿವೆ, ಬಚ್ಚಲಿನ ಇಳಿಜಾರು ನೋಡಿ, ಹಿತ್ತಲ ಬಾಗಿಲಂತೂ ಕೇಳಲೇಬೇಡಿ, ತಮಗಾಗಿ ಬರೆದಿದ್ದರೆ ಹೀಗೆ ಬರೆಯುತ್ತಲೇ ಇರಲಿಲ್ಲ ಎಂದು ಶುರು ಮಾಡಿದರು. ಸರೋಜಮ್ಮ ಅವರ ಕೈಯಿಂದ ಟೇಪು ಕಿತ್ತುಕೊಂಡು ತಮ್ಮ ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದರು. ‘ತಪ್ಪು ಇರ್ಲಿ. ನಾನು ಇಲ್ಲೇ ಇರ್ತೀನಿ’ ಅಂದರು. ಆಮೇಲೆ ಜಯಮ್ಮನ ಕಡೆ ತಿರುಗಿ, ಯಾವಾಗ ಖಾಲಿ ಮಾಡುತ್ತೀರಿ ಎಂದು ವಿಚಾರಿಸಿದರು.

ನಾನು ಒಂದು ಸುಳ್ಳೂ ಹೇಳದೆ, ಒಂದು ಮಾತೂ ಆಡದೆ ಮಾರಾಟವಾದ ಮನೆ ನನ್ನ ಆಯುಷ್ಯದಲ್ಲಿ ಅದೊಂದೇ. ಇದನ್ನು ಕೇಳಿದ ಹಾಲೇಶಣ್ಣ, ಬಾಯಿ ಮುಚ್ಚಿಕೊಂಡಿದ್ದರೂ ಕೆಲಸ ಆಗುತ್ತದೆ ಎಂದರೆ ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು ಯಾಕೆ ಎಂದು ನನ್ನನ್ನೇ ಗದರಿದರು. ಮರುದಿನ ಬೆಳಿಗ್ಗೆ ಇನ್ನೊಂದು ಪಾರ್ಟಿಗೆ ಮೈಸೂರು ಇಂಜಿನಿಯರ್ ಕಥೆ ಹೇಳುತ್ತಿದ್ದರು.

ಯುಗಾದಿಯ ಹಿಂದಿನ ವಾರ ಅವರು ಮನೆ ಸೇರಿದರು. ಗೇಟಿನ ಮೇಲೆ ಹೆಸರಿನ ಬೋರ್ಡು ಹಾಕಿಸಿದವರು ಸರೋಜಮ್ಮ. ಅದರಲ್ಲಿ ಅವರದೊಂದೇ ಹೆಸರಿತ್ತು. ಷಣ್ಮುಗಂ ಅಕ್ಷರಗಳ ನಡುವಿನ ಜಾಗ ಸರಿಯಿಲ್ಲ ಅಂದರಂತೆ, ಬೇರೇನೂ ಅನ್ನಲಿಲ್ಲವಂತೆ.

ಕೆಲವು ವರ್ಷಗಳ ಮೇಲೆ ಆ ಕಡೆ ಹೋಗುವ ಕೆಲಸ ಬಿತ್ತು. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ಮೇಷ್ಟ್ರೊಬ್ಬರು ಯಾವುದೋ ಪತ್ರಿಕೆಯಲ್ಲಿ ಉತ್ತರದ ಬೆಳಕಿನ ಬಗ್ಗೆ ಓದಿ, ತಮಗೆ ಅಂಥ ಮನೆಯೇ ಬೇಕು, ಬರೆದವರ ಹೆಸರೂ ಬೇಕು ಎಂದು ಹಠ ಹಿಡಿದಿದ್ದರು. ಇಪ್ಪತ್ತು ವರ್ಷ ಅಕ್ಕಿ ಗಿರಣಿ ಎಂದು ಬೈಸಿಕೊಂಡ ಮನೆಗೆ ಇದ್ದಕ್ಕಿದ್ದಂತೆ ಮರ್ಯಾದೆ ಬಂದಿತ್ತು. ಯಾವ ಬೀದಿಯಲ್ಲಿ ಅಂಥ ಮನೆಗಳಿವೆ ಎಂದು ಕೇಳೋಣವೆಂದು ಷಣ್ಮುಗಂ ಮನೆಗೆ ಹೋದೆ.

ಸರೋಜಮ್ಮ ವರಾಂಡದಲ್ಲಿ ಕಾಲು ನೀಡಿಕೊಂಡು ಪೇಪರ್ ಓದುತ್ತಿದ್ದರು. ಮಂಡಿ ನೋವು, ಹೆಚ್ಚು ನಿಲ್ಲಬಾರದೆಂದು ಡಾಕ್ಟರ್ ಹೇಳಿದ್ದಾರೆ ಅಂದರು. ಯಜಮಾನರು ಎಲ್ಲಿ ಎಂದು ಕೇಳಿದ್ದಕ್ಕೆ ಒಳಗೆ ಕೈ ತೋರಿಸಿದರು.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಪ್ಲ್ಯಾನ್ ಷಣ್ಮುಗಂ ಆ ಕಟ್ಟೆಯ ಮೇಲೆ ಪೂರ್ತಿ ಬಾಗಿ ಹುರುಳಿಕಾಯಿ ಹೆಚ್ಚುತ್ತಿದ್ದರು. ಎಲ್ಲ ಹುರುಳಿಕಾಯಿಗಳೂ ಒಂದೇ ಅಳತೆಯಲ್ಲಿದ್ದವು. ನನ್ನನ್ನು ಕಂಡು, ಒಂದು ಕೈ ಸೊಂಟಕ್ಕೆ ಕೊಟ್ಟು, ನಿಧಾನವಾಗಿ ಮೇಲೆದ್ದರು.

‘ಮಂಜಪ್ಪ, ಈ ಕಟ್ಟೆ ಸ್ವಲ್ಪ ಎತ್ತರ ಇರ್ಬೇಕಿತ್ತು. ಡಿಸೈನ್ ತಪ್ಪು’ ಅಂದರು.

ವರಾಂಡದಲ್ಲಿ ಪೇಪರಿನ ಹಾಳೆ ತಿರುಗಿದ ಸದ್ದು ಕೇಳಿಸಿತು.

‘ತಪ್ಪೇನಿಲ್ಲ’ ಅಂದರು ಸರೋಜಮ್ಮ. ‘ಇನ್ನೊಂದು ಸ್ವಲ್ಪ ಬಗ್ಗಿ.’